ಪೈಥಾನ್: ವೈಲ್ಡ್‌ಕಾರ್ಡ್ ಇಂಪೋರ್ಟ್ ಮತ್ತು ಟೈಪ್ ಚೆಕರ್‌ಗಳ ಮಿಥ್ಯಾದೋಷ

ಒಂದು ಮಾಡ್ಯೂಲಿನ ಹೆಸರುಗಳನ್ನೆಲ್ಲ ನಕ್ಷತ್ರಚಿಹ್ನೆಯೊಂದರಿಂದಲೇ ಬರಮಾಡಿಕೊಳ್ಳುವ ಪದ್ಧತಿಗೆ ಪೈಥಾನ್ ಭಾಷೆಯಲ್ಲಿ ವೈಲ್ಡ್‌ಕಾರ್ಡ್ ಇಂಪೋರ್ಟ್ ಎಂದು ಹೆಸರು. ಮಾಡ್ಯೂಲು ‘ಆಲ್’ (__all__) ಎಂಬ ಪಟ್ಟಿಯನ್ನು ಹೊಂದಿದ್ದರೆ ಅದರಲ್ಲಿ ನಮೂದಾದವು ಮಾತ್ರ, ಇಲ್ಲವಾದರೆ ಅಡಿಗೆರೆಯಿಂದ ಮೊದಲಾಗದ ಹೆಸರುಗಳೆಲ್ಲವೂ ಬರುತ್ತವೆ. ‘ಪೆಪ್’ ಎಂಬ ಪೈಥಾನ್ ಸುಧಾರಣಾ ಪ್ರಸ್ತಾವಗಳಲ್ಲಿ 2001ರಲ್ಲಿ ಮೊದಲುಗೊಂಡ ಶೈಲಿಸೂತ್ರವಾದ ಪೆಪ್ 8 ಈ ಪದ್ಧತಿಯನ್ನು ವರ್ಜಿಸಬೇಕೆನ್ನುತ್ತದೆ. 2008ರಲ್ಲಿ ಬಂದ ಪೈಥಾನ್ 3 ಫಂಕ್ಷನ್ನುಗಳೊಳಗೆ ಇದನ್ನು ನಿಷೇಧಿಸಿತು.

ಯೂಕಾ ಲೆಹ್ತೊಸಾಲೋ ರಚಿಸಿದ ಮೈಪೈ, 2019ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪೈರೈಟ್ ಮೊದಲಾದ ಟೈಪ್ ಚೆಕರ್‌ಗಳು ಪ್ರೋಗ್ರಾಮನ್ನು ನಡೆಸದೆ ಕೇವಲ ಓದಿ ಪರೀಕ್ಷಿಸುವುದರಿಂದ, ಓಡಿಸಿದಾಗ ನಿರ್ವಿಘ್ನವಾಗಿ ದೊರೆಯುವ ಹೆಸರನ್ನೂ ಅವು ಕೆಲವೊಮ್ಮೆ ಇಲ್ಲವೆಂದು ಸಾರುತ್ತವೆ. ಇಂಥವನ್ನೆಲ್ಲ ‘ಮಿಥ್ಯಾದೋಷ’ವೆಂಬ ಒಂದೇ ಹೆಸರಿನಡಿ ಸೇರಿಸುವುದು ರೂಢಿಯಾದರೂ, ಪರಸ್ಪರ ಭಿನ್ನವಾದ ಎರಡು ಸಂಗತಿಗಳು ಇದರಿಂದ ಬೆರೆತುಹೋಗಿವೆ, ಇವನ್ನು ಬೇರ್ಪಡಿಸದೆ ಈ ವಿಷಯದ ಚರಿತ್ರೆ ತಿಳಿಯಾಗದು.

ಮೊದಲನೆಯದು ಪರೀಕ್ಷಕದ ಅಶಕ್ತಿ. ‘ಆಲ್’ ಪಟ್ಟಿಯನ್ನು ನೇರವಾಗಿ ಬರೆದಿದ್ದರೆ, ಅಥವಾ ಅದಕ್ಕೆ ಅಪೆಂಡ್, ಎಕ್ಸ್‌ಟೆಂಡ್, ರಿಮೂವ್‌ಗಳಂಥ ಸರಳ ಕ್ರಿಯೆಗಳಿಂದ ಹೆಸರುಗಳನ್ನು ಕೂಡಿಸಿ ಕಳೆದಿದ್ದರೆ ಪೈರೈಟ್ ಅನುಸರಿಸಬಲ್ಲದು. ಆದರೆ ಟಿಕಿಂಟರ್ ಮಾಡ್ಯೂಲಿನಲ್ಲಿರುವಂತೆ, ಓಡುವ ಹೊತ್ತಿನಲ್ಲಿ ಇರುವ ಹೆಸರುಗಳನ್ನು ಸೋಸಿ ಪಟ್ಟಿಯನ್ನು ಅಲ್ಲಿಯೇ ನಿರ್ಮಿಸಿದರೆ ಓದಿದ ಮಾತ್ರದಿಂದ ಅದರ ಫಲಿತವನ್ನು ಅರಿಯುವುದು ಅಸಾಧ್ಯ. ಟೈಪ್‌ಶೆಡ್ ಸಂಗ್ರಹದ ಸ್ಟಬ್ ಕಡತವು, ಅಂದರೆ ಪರೀಕ್ಷಕಗಳು ಓದಲೆಂದು ಹೆಸರು ಮತ್ತು ಟೈಪ್‌ಗಳನ್ನಷ್ಟೇ ಬರೆದಿಟ್ಟ ಕಡತವು, ಆ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟು ಈ ಕೊರತೆಯನ್ನು ತುಂಬಿದೆ.

ಎರಡನೆಯದು ನಿಯಮದ ಫಲ. ಗೀಡೋ ವಾನ್ ರೋಸಮ್, ಲೆಹ್ತೊಸಾಲೋ ಹಾಗೂ ವುಕಾಷ್ ಲಾಂಗಾ ಬರೆದು 2015ರಲ್ಲಿ ಅಂಗೀಕೃತವಾದ ಪೆಪ್ 484, ಸ್ಟಬ್ ಕಡತವೊಂದು ತನ್ನ ಉಪಯೋಗಕ್ಕೆಂದು ತರಿಸಿಕೊಂಡ ಹೆಸರು ಅದರ ಬಳಕೆದಾರರಿಗೆ ಲಭ್ಯವಲ್ಲವೆಂದು ವಿಧಿಸಿತು. ಆದರೆ ನಕ್ಷತ್ರದಿಂದ ತಂದವುಗಳಿಗೆ ವಿನಾಯಿತಿಯಿತ್ತಿತು. ಈ ನಿಯಮವೇ ಪ್ರಕರಣದ ನಿಜವಾದ ತಿರುವು. ಲೈಬ್ರರಿಯೊಂದು ಒಳಗೆ ನಂಪೈಯನ್ನು ‘ಎನ್‌ಪಿ’ ಎಂಬ ಹೆಸರಿನಲ್ಲಿ ಸಾಮಾನ್ಯ ರೀತಿಯಿಂದ ತರಿಸಿಕೊಂಡು, ‘ಆಲ್’ ಪಟ್ಟಿಯನ್ನೂ ಇಡದಿದ್ದರೆ, ವೈಲ್ಡ್‌ಕಾರ್ಡ್ ಬಳಸಿದವನಿಗೆ ಓಡುವಾಗ ‘ಎನ್‌ಪಿ’ ದೊರೆಯುತ್ತದೆ. ಆ ಲೈಬ್ರರಿಯ ಸ್ಟಬ್ಬನ್ನು ಓದುವ ಪರೀಕ್ಷಕವಾದರೋ ಅದನ್ನು ಅಜ್ಞಾತವೆನ್ನುತ್ತದೆ. ಲೈಬ್ರರಿಯು ಆ ಹೆಸರನ್ನು ಕೊಡುವೆನೆಂದು ಎಂದೂ ಮಾತು ಕೊಟ್ಟಿರಲಿಲ್ಲವಾದ್ದರಿಂದ ಇದನ್ನು ಮಿಥ್ಯೆಯೆನ್ನುವುದು ಸಾಧುವಲ್ಲ.

ಲೈಬ್ರರಿಗಳು ತಮ್ಮ ಟೈಪ್ ಮಾಹಿತಿಯನ್ನು ಘೋಷಿಸುವ ಕ್ರಮವನ್ನು 2017ರ ಪೆಪ್ 561 ಒದಗಿಸಿತು. ಹೊರಗಿನ ಲೈಬ್ರರಿಯಿಂದ ವೈಲ್ಡ್‌ಕಾರ್ಡ್ ಬಳಸಿದರೆ ಪೈರೈಟ್ ಪ್ರತ್ಯೇಕ ಎಚ್ಚರಿಕೆಯನ್ನೇ ಕೊಡುತ್ತದೆ. ವೈಲ್ಡ್‌ಕಾರ್ಡನ್ನು ಹೀಗೆ ನಿರುತ್ತೇಜಿಸಿದರೂ ಪೈಥಾನಿನ ಸ್ವಂತ ಓಎಸ್ ಮಾಡ್ಯೂಲು, ಯುನಿಕ್ಸ್ ಯಂತ್ರಗಳಲ್ಲಿ ಪೋಸಿಕ್ಸ್ ಮಾಡ್ಯೂಲಿನ ಹೆಸರುಗಳನ್ನು ನಕ್ಷತ್ರದಿಂದಲೇ ತರಿಸಿಕೊಳ್ಳುತ್ತದೆ.