ಮೂವತ್ತು ಪೌಂಡಿನ ವಿಮೆ

2013ರ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸಾರ್, ಈ ರಾಜಿಗೆ ಒಪ್ಪಲೇ?" ಲೆಕ್ಕದಲ್ಲಿ ಆತ ನನಗಿಂತ ಚುರುಕು, ಅವನನ್ನು ಕಾಡಿದ್ದು ಲೆಕ್ಕವಲ್ಲ.

ಯಾರ್ಕ್ ನಗರದ ಸಿಪಿಪಿ ಕಂಪನಿಯ ಕಾರ್ಡ್ ವಿಮೆಯನ್ನು ವರ್ಷಕ್ಕೆ ಸುಮಾರು 30 ಪೌಂಡಿಗೆ ಬ್ಯಾಂಕುಗಳ ಮೂಲಕ ಮಾರಲಾಗುತ್ತಿತ್ತು. ಕಾರ್ಡ್ ಕಳುವಾದರೆ ಕಳ್ಳನ ಖರ್ಚೆಲ್ಲ ನಿಮ್ಮ ತಲೆಗೇ ಎಂಬ ಭಯವೇ ಆ ವ್ಯಾಪಾರದ ಬಂಡವಾಳ. ವಾಸ್ತವವಾಗಿ, 1974ರ ಗ್ರಾಹಕ ಸಾಲ ಕಾಯ್ದೆಯಂತೆ ಕಳುವಾದ ಕ್ರೆಡಿಟ್ ಕಾರ್ಡಿಗೆ ಗ್ರಾಹಕನ ಹೊಣೆ ಆಗ ಸಾಮಾನ್ಯವಾಗಿ 50 ಪೌಂಡನ್ನು ಮೀರುತ್ತಿರಲಿಲ್ಲ. ಇಲ್ಲದ ಹುಲಿಗೆ ಬೇಲಿ ಕಟ್ಟಿ ಕೂಲಿ ಕೇಳಿದಂತೆ! 2012ರ ನವೆಂಬರಿನಲ್ಲಿ ಕಂಪನಿಗೆ 1.05 ಕೋಟಿ ಪೌಂಡ್ ದಂಡ ಬಿತ್ತು. ಮರುವರ್ಷದ ಆಗಸ್ಟಿನಲ್ಲಿ, ಸುಮಾರು 70 ಲಕ್ಷ ಗ್ರಾಹಕರಿಗೆ 130 ಕೋಟಿ ಪೌಂಡುಗಳವರೆಗಿನ ಪರಿಹಾರ ಯೋಜನೆ ಪ್ರಕಟವಾಯಿತು. ಅದಕ್ಕೆ ಮೊದಲು ಗ್ರಾಹಕರ ಮತ, ಆಮೇಲೆ ನ್ಯಾಯಾಲಯದ ಒಪ್ಪಿಗೆ ಬೇಕಿತ್ತು.

"ಹಣ ಪಡೆದರೆ, ನನ್ನನ್ನು ಹೆದರಿಸಿದ ಬ್ಯಾಂಕನ್ನು ಕ್ಷಮಿಸಿದಂತಲ್ಲವೇ?" ಎಂಬುದು ಅವನ ಸಂಕಟ. ಐದು ವರ್ಷದ 150 ಪೌಂಡಿಗಾಗಿ ಒಬ್ಬನೇ ವಕೀಲರ ಬಾಗಿಲು ತಟ್ಟುವುದು ದುಬಾರಿ. ಇಂಥ ಯೋಜನೆ ಒಮ್ಮೆ ಮಂಜೂರಾದರೆ ವಿರೋಧಿಸಿದವರಿಗೂ ಅನ್ವಯಿಸುತ್ತದೆ. ಒಪ್ಪಿಕೋ ಎಂದೆ. ಹೇಳಿದ ಮೇಲೆ ನನಗೂ ಅರೆಮನಸ್ಸೇ.

2014ರ ಜನವರಿಯಲ್ಲಿ ನ್ಯಾಯಾಲಯ ಸಮ್ಮತಿಸಿತು. ಆಗಸ್ಟ್ 30ರ ಗಡುವಿಗೆ ಮುಂಚೆಯೇ ಅವನು ಅರ್ಜಿ ಕಳಿಸಿದ, ಹಣವೂ ಬಂತು. ವಿಮೆ ಕೊಳ್ಳೆಂದು ಬ್ಯಾಂಕು ಬರೆದಿದ್ದ ಮೊದಲ ಕಾಗದವನ್ನು ಮಾತ್ರ ಅವನಿನ್ನೂ ಹರಿದಿಲ್ಲವಂತೆ.