ಮೂರನೇ ಬಾಗಿಲು

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅಂತ ಗಾದೆ. ನಮ್ಮ ಅರಸೀಕೆರೆ, ಬೇಲೂರು ಕಡೆ ಮದುವೆ ಮನೇಲಿ ಈಗ್ಲೂ ಯಾರಾದ್ರೂ ಒಬ್ಬರು ನಗ್‌ನಗ್ತಾನೇ ಇದನ್ನ ಹೇಳ್ತಾರೆ. ಗಾದೆ ಚಿಕ್ಕದು, ಆದರೆ ಅದರೊಳಗಿನ ಲೆಕ್ಕ ನೋಡಿ. ಹೆಣ್ಣಿಗೆ ಇರೋದು ಎರಡೇ ಬಾಗಿಲು, ತವರಿನದೊಂದು, ಅತ್ತೆಮನೆಯದೊಂದು. ಗಂಡ ಸತ್ತು, ಅತ್ತೆಮನೇಲಿ ಹೊಡೆತ ಬಡಿತ ಶುರುವಾಗಿ, ತವರಲ್ಲಿ ಅಣ್ಣ ಅತ್ತಿಗೆ ಮುಖ ತಿರುಗಿಸಿದ್ರೆ ಅವಳು ಎಲ್ಲಿಗೆ ಹೋಗ್ಬೇಕು? ನೂರೈವತ್ತು ವರ್ಷದ ಹಿಂದೆ ಬಹಳ ಜನಕ್ಕೆ ಉಳಿದಿದ್ದು ಕೆರೆ ಬಾವಿ, ಇಲ್ಲಾಂದ್ರೆ ಕಂಡವರ ಕೈಗೆ ಸಿಕ್ಕ ಬದುಕು. ಮಿಷನ್ನಿನವರ ಆಶ್ರಯಧಾಮಗಳ ಚರಿತ್ರೆ ಓದೋವಾಗ ಈ ಲೆಕ್ಕ ಮನಸ್ಸಲ್ಲಿ ಇಟ್ಕೊಂಡು ಓದ್ಬೇಕು ಅನ್ನೋದು ನನ್ನ ಮಾತು.

ಮೊದಲು ನಮ್ಮ ಸೀಮೆಯಿಂದಲೇ ಶುರು ಮಾಡೋಣ. ನಮ್ಮದು ಕೆರೆ ನಂಬಿದ ನಾಡು. ಅರಸೀಕೆರೆಗೆ ಹೆಸರು ಬಂದಿದ್ದೇ ಕೆರೆಯಿಂದ. ಹಳೇಬೀಡಿನ ಹಳೇ ಹೆಸರು ದ್ವಾರಸಮುದ್ರ, ಅಲ್ಲೂ ದೊಡ್ಡ ಕೆರೆಯೇ. ಮಳೆ ಕೈಕೊಟ್ರೆ ಕೆರೆ ಬತ್ತುತ್ತೆ, ಕೆರೆ ಬತ್ತಿದ್ರೆ ಕಣಜ ಬರಿದಾಗುತ್ತೆ. 1876ರಿಂದ 78ರವರೆಗೆ ಆಗಿದ್ದು ಅದೇ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದಿದ್ದರಿಂದ ಹಳಬರು ಧಾತು ಈಶ್ವರದ ಬರ ಅಂತ ಕರೀತಿದ್ರು. 1871ರ ಜನಗಣತೀಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ರು. 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿದ್ರು.

ದೊಡ್ಡವರು ಸತ್ತ ಮನೇಲಿ ಮಕ್ಕಳು ಉಳಿದ್ರು. ಆಗ ವೆಸ್ಲಿಯನ್ ಮಿಷನ್ನಿನವರು ತುಮಕೂರಲ್ಲಿ ಗಂಡು ಮಕ್ಕಳಿಗೆ, ನಮ್ಮ ಹಾಸನದಲ್ಲಿ ಹೆಣ್ಣು ಮಕ್ಕಳಿಗೆ ಅನಾಥಾಲಯ ತೆಗೆದ್ರು. ಅರಸೀಕೆರೆ ಈ ಎರಡು ಊರಿಗೂ ನಡುವೆ. ಆಗಿನ್ನೂ ಇಲ್ಲಿಗೆ ರೈಲು ಬಂದಿರ್ಲಿಲ್ಲ. ಅಲ್ಲಿಗೆ ಹೋದ ಮಕ್ಕಳಿಗೆ ಅನ್ನದ ಜತೆ ಅಕ್ಷರ ಸಿಕ್ತು, ಅಕ್ಷರದ ಜತೆ ಬೈಬಲ್ಲೂ ಸಿಕ್ತು. ಈ ಮೂರನ್ನೂ ಬಿಡಿಸಿ ನೋಡೋದು ಕಷ್ಟ. ಹಾಗಂತ ಮೂರೂ ಒಂದೇ ಅಂದ್ಬಿಡೋದೂ ಸರಿಯಲ್ಲ.

ಇದನ್ನ ಬಿಡಿಸಿ ನೋಡೋಕೆ ಸಹಾಯ ಮಾಡೋದು ಒಬ್ಬ ಹೆಣ್ಣುಮಗಳ ಬದುಕು. ಮರಾಠಿಯವರು ತಮ್ಮವರು ಅಂತ ಕರೆಯೋ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ನೆರೆಯ ಘಟ್ಟದಲ್ಲಿ. ಬೇಲೂರಿಂದ ಚಿಕ್ಕಮಗಳೂರು ದಾಟಿ ಪಶ್ಚಿಮಕ್ಕೆ ಹೋದ್ರೆ ಗಂಗಾಮೂಲ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟೋ ಜಾಗ. ಅಲ್ಲಿನ ಕಾಡಿನ ಮನೇಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದ್ರು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದೇ ಅವರ ಮೇಲೆ ಬಂದ ದೊಡ್ಡ ದೂರು. ಮಗು ಆರು ತಿಂಗಳಿದ್ದಾಗ ಬೆತ್ತದ ಪೆಟ್ಟಿಗೇಲಿ ಮಲಗಿಸಿ ಘಟ್ಟ ಇಳಿಸಿದ್ರಂತೆ. ಅಲ್ಲಿಂದಾಚೆ ಆ ಸಂಸಾರಕ್ಕೆ ಮನೆ ಅಂತ ಇರ್ಲಿಲ್ಲ. ದೇವಸ್ಥಾನ, ತೀರ್ಥಕ್ಷೇತ್ರ ಸುತ್ತುತ್ತಾ ಪುರಾಣ ಓದಿ ಬದುಕಿದ್ರು. ಅಮ್ಮನೇ ಮಗಳಿಗೆ ಪಾಠ ಹೇಳಿದ್ರು.

1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದ್ರು. ಅಮ್ಮನ ಹೆಣ ಹೊರೋಕೆ ಜನ ಸಾಲದೆ ರಮಾಬಾಯಿನೂ ಚಟ್ಟಕ್ಕೆ ಕೈ ಕೊಟ್ರು. ಕುಳ್ಳಗಿದ್ದದ್ದರಿಂದ ಹೆಗಲಿಗೆ ಎಟುಕದೆ ತಲೆ ಮೇಲೆ ಹೊತ್ರಂತೆ. ಮುಂದೆ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಜತೆ ಜಾತಿ ಮೀರಿದ ಮದುವೆ. ಎರಡು ವರ್ಷ ತುಂಬೋದ್ರೊಳಗೆ ಅವರೂ ಹೋದ್ರು. 1882ರಲ್ಲಿ, ಇಪ್ಪತ್ತನಾಲ್ಕು ತುಂಬೋ ಮುಂಚೆ, ಕೈಲೊಂದು ಹೆಣ್ಣು ಮಗು ಇಟ್ಕೊಂಡು ವಿಧವೆಯಾಗಿ ನಿಂತ್ರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲೇ ಮಗಳ ಜತೆ ಕ್ರೈಸ್ತ ಮತಕ್ಕೆ ಸೇರಿದ್ರು. ಮನಸ್ಸು ತಿರುಗಿದ್ದಕ್ಕೆ ಅವರು ಮುಂದೆ ಬರೆದ ಒಂದು ಕಾರಣ ಮರೆಯೋಕಾಗಲ್ಲ. ಲಂಡನ್ನಿನ ಫುಲಾಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು ‘ಕೆಟ್ಟುಹೋದವರು’ ಅನ್ನಿಸ್ಕೊಂಡ ಹೆಂಗಸರನ್ನ ಮನೇಲಿಟ್ಟು ಸಲಹ್ತಿದ್ದದ್ದನ್ನ ನೋಡಿದ್ರಂತೆ. ಅಂಥವರಿಗೂ ಇಂಥ ಕರುಣೆ ಉಂಟು ಅನ್ನೋದನ್ನ ಅವರು ಅಲ್ಲೀತನಕ ಕಂಡೇ ಇರ್ಲಿಲ್ಲ.

1889ರ ಮಾರ್ಚ್ 11ರಂದು ಬೊಂಬಾಯಲ್ಲಿ ಶಾರದಾ ಸದನ ಶುರುವಾಯ್ತು. ದುಡ್ಡು ಅಮೆರಿಕದ ಅಭಿಮಾನಿಗಳದು. ಮತದ ಬೋಧನೆ ಇಲ್ಲ ಅನ್ನೋ ಮಾತಿನ ಮೇಲೆ ನಡೀತು, ಬ್ರಾಹ್ಮಣ ವಿಧವೆಯರು ತಮ್ಮ ಮಡಿ ತಾವು ನಡೆಸ್ಕೋಬಹುದಿತ್ತು. ಮೊದಮೊದಲು ಸೇರಿದವರಲ್ಲಿ ಗೋದೂಬಾಯಿ ಅನ್ನೋ ಬಾಲವಿಧವೆ ಒಬ್ಬರು. ಆ ಕಾಲದ ಸ್ಥಿತಿ ತಿಳೀಬೇಕಂದ್ರೆ ನಮ್ಮ ಮೈಸೂರಿನದೇ ಕಾನೂನು ನೋಡಿ. 1894ರಲ್ಲಿ ಸಂಸ್ಥಾನ 8 ವರ್ಷದೊಳಗಿನ ಹುಡುಗಿಯರ ಮದುವೆ ನಿಲ್ಲಿಸೋಕೆ ಕಾಯಿದೆ ಮಾಡ್ತು. ಅಂಥ ಕಾಯಿದೆ ಬೇಕಾಗಿತ್ತು ಅಂದ್ರೆ ಎಂಟಾಗದ ಮಕ್ಕಳೂ ವಿಧವೆಯರಾಗ್ತಿದ್ರು ಅಂತ ತಾನೆ ಅರ್ಥ?

ಸದನ ಪುಣೆಗೆ ಹೋದ ಮೇಲೆ ಜಗಳ ಎದ್ತು. ರಮಾಬಾಯಿ ತಾವು ಪ್ರಾರ್ಥನೆ ಮಾಡೋ ಕೋಣೆ ಬಾಗಿಲು ಹಾಕ್ತಿರ್ಲಿಲ್ಲ. ಹುಡುಗಿಯರು ಬಂದು ಕೂತ್ರು, ಕೆಲವರ ಮನಸ್ಸು ಆ ಕಡೆ ವಾಲ್ತು. ತಿಲಕರ ‘ಕೇಸರಿ’ ಕಟುವಾಗಿ ಬರೀತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ಸಲಹಾ ಮಂಡಳಿ ಬಿಟ್ರು. ಎಷ್ಟೋ ಮನೆಯವರು ಮಕ್ಕಳನ್ನ ಕರ್ಕೊಂಡು ಹೋದ್ರು. ಅವರ ಸಿಟ್ಟು ಸುಳ್ಳಲ್ಲ. ಮತದ ಬೋಧನೆ ಇಲ್ಲ ಅಂತ ನಂಬಿಸಿದ ಜಾಗದಲ್ಲಿ ಹಿರಿಯಮ್ಮ ಬಾಗಿಲು ತೆರೆದಿಟ್ಟು ಪ್ರಾರ್ಥಿಸಿದ್ರೆ, ಅವರ ಅನ್ನ ಉಣ್ಣೋ ಹುಡುಗಿಗೆ ಅದು ಬರೀ ತೆರೆದ ಬಾಗಿಲಲ್ಲ. ಆದರೆ ಮನೆಗೆ ವಾಪಸ್ ಹೋದವರ ಪೈಕಿ ಎಷ್ಟು ಜನಕ್ಕೆ ಅಲ್ಲಿ ಪುಸ್ತಕ ಸಿಕ್ತು, ಎಷ್ಟು ಜನಕ್ಕೆ ಒಲೆ ಮೂಲೆ ಸಿಕ್ತು ಅನ್ನೋ ಪ್ರಶ್ನೆನೂ ಕೇಳ್ಬೇಕಲ್ವಾ?

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಂದಾಗ ರಮಾಬಾಯಿ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದ್ರು. ಬರದಲ್ಲಿ ಹಸಿದ ಹುಡುಗಿಯರನ್ನ ಹುಡುಕ್ಕೊಂಡು ಬರೋ ದಲ್ಲಾಳಿಗಳೂ ಇದ್ರು ಅನ್ನೋದು ಅವರಿಗೆ ಗೊತ್ತಿತ್ತು. ಪುಣೇಲಿ ಪ್ಲೇಗು, ಜಾಗ ಇಲ್ಲ. ಅದಕ್ಕೇ ಕೇಡಗಾಂವ್‌ನ ಬಯಲಲ್ಲಿ ಮುಕ್ತಿ ಎದ್ತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರು ಹೆಚ್ಚುಕಡಿಮೆ 2000. ಬಾವಿ ತೋಡಿದ್ರು, ನೇಯ್ದ್ರು, ಗಾಣ ಆಡಿಸಿದ್ರು, ಅಚ್ಚುಮೊಳೆ ಜೋಡಿಸಿದ್ರು. ಕಣ್ಣಿಲ್ಲದವರಿಗೆ ಬ್ರೈಲ್ ಪಾಠ. ಮೋಸಹೋದ, ಬಲಾತ್ಕಾರಕ್ಕೆ ಸಿಕ್ಕ ಹೆಂಗಸರಿಗೆ ಕೃಪಾ ಸದನ ಅಂತ ಬೇರೆ ಮನೆ. ಮುಕ್ತಿ ಮಾತ್ರ ಮುಚ್ಚುಮರೆ ಇಲ್ಲದೆ ಕ್ರೈಸ್ತ ಸಂಸ್ಥೆನೇ ಆಗಿತ್ತು.

ಹಾಗಂತ ರಮಾಬಾಯಿ ಬಿಳಿಯರ ಕೈಗೊಂಬೆ ಅನ್ನೋಕಾಗಲ್ಲ. ಪ್ಲೇಗಿನ ವೇಳೆ ಸರ್ಕಾರಿ ಆಸ್ಪತ್ರೇಲಿ ಹೆಣ್ಣುಮಕ್ಕಳನ್ನ ನಡೆಸ್ಕೊಂಡ ರೀತಿ ಬಗ್ಗೆ ಪತ್ರಿಕೆಗೆ ಬರೆದು ಬೊಂಬಾಯಿ ಸರ್ಕಾರದ ಸಿಟ್ಟಿಗೆ ಗುರಿಯಾದ್ರು. ಇಂಗ್ಲೆಂಡಿನ ಗುರುಮಾತೆಗೂ, ನಾನು ಒಂದು ನೊಗ ಕಳಚಿ ಬಂದವಳು, ಇನ್ನೊಂದಕ್ಕೆ ಕತ್ತು ಕೊಡಲ್ಲ ಅನ್ನೋ ಧಾಟೀಲೇ ಉತ್ತರ ಬರೀತಿದ್ರು. 1922ರಲ್ಲಿ ತೀರಿಕೊಂಡ್ರು.

ಇನ್ನು ಗೋದೂಬಾಯಿ. 1893ರಲ್ಲಿ, ಅದೇ ಜಗಳದ ವರ್ಷ, ಧೋಂಡೋ ಕೇಶವ ಕರ್ವೆ ಅವರನ್ನ ಮದುವೆಯಾಗಿ ಆನಂದಿಬಾಯಿ ಆದ್ರು. ಮತ ಬದಲಾಯಿಸ್ಲಿಲ್ಲ. ಮೂರು ವರ್ಷಕ್ಕೆ ಕರ್ವೆ ಹಿಂದೂ ವಿಧವೆಯರಿಗಾಗಿ ತಮ್ಮದೇ ಆಶ್ರಮಕ್ಕೆ ಕೈ ಹಾಕಿದ್ರು. ಮಿಷನ್ ಬಾಗಿಲು ಬೇಡ ಅಂದವರಿಗೆ ಕರ್ವೆ ಕೊಟ್ಟ ಉತ್ತರ ಇದು. ಬೈಯೋದು ಬಿಟ್ಟು ಇನ್ನೊಂದು ಬಾಗಿಲು ಮಾಡಿದ್ರು.

ಈಗ ಕಾಲ ಬೇರೆ. 2005ರ ಕಾಯಿದೆ ಪ್ರಕಾರ ಹೊಡೆತ ತಿಂದ ಹೆಣ್ಣಿಗೆ ತಾನು ಬಾಳಿದ ಮನೇಲೇ ಇರೋ ಹಕ್ಕಿದೆ. ಹೆಂಗಸರಿಗೆ 181, ಮಕ್ಕಳಿಗೆ 1098, ಫೋನ್ ಮಾಡಿದ್ರೆ ಸಹಾಯ ಸಿಗುತ್ತೆ. ಇಲ್ಲಿ ಯಾವ ದೇವರಿಗೂ ಕೈ ಮುಗೀಬೇಕಿಲ್ಲ. ಈ ಎರಡು ನಂಬರನ್ನ ಅಡುಗೆಮನೆ ಕ್ಯಾಲೆಂಡರಿನ ಮೂಲೇಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ನಮ್ಮ ಮನೇಗೆ ಬೇಡದಿದ್ರೂ, ಸಕ್ಕರೆ ಕೇಳೋ ನೆಪದಲ್ಲಿ ಬಂದು ಸುಮ್ನೆ ನಿಂತ್ಕೊಳ್ಳೋ ಪಕ್ಕದ ಮನೆ ಹುಡುಗಿಗೆ ಬೇಕಾಗಬಹುದು.