ಬೆಂಕಿ ಬಿದ್ದ ನೆಲ, ಮೊಳೆಯುವ ಬೀಜ: ಸೋಲಿಗರ ತರಗು ಬೆಂಕಿ ನಿಂತ ಕಥೆ

ಹೋಳಿ ಮುಗಿಯುತ್ತಿದ್ದಂತೆ ನಮ್ಮ ಡಾಬಕಾ ಸುತ್ತಲಿನ ಹೊಲಗಳಲ್ಲಿ ಹೊಗೆ ಏಳುತ್ತದೆ. ತೊಗರಿ ಕೊಯ್ದ ಮೇಲೆ ಉಳಿದ ಕಸ, ಬದುವಿನ ಒಣ ಹುಲ್ಲು, ಮುಳ್ಳುಕಂಟಿ ಎಲ್ಲ ಸುಟ್ಟು ಹೊಲ ಸ್ವಚ್ಛ ಮಾಡುವುದು ಹಳೆಯ ರೂಢಿ. "ಸುಟ್ಟ ಜಾಗದಾಗ ಮೊದಲ ಮಳಿಗೆ ಹುಲ್ಲು ಚಲೋ ಬರ್ತದ" ಎಂದು ಹಿರಿಯರು ಹೇಳುತ್ತಾರೆ. ಅದೇ ಬೆಂಕಿ ಪಕ್ಕದ ಅರಣ್ಯ ಜಮೀನಿಗೆ ದಾಟಿದರೆ ಕೇಸು ಬೀಳುತ್ತದೆ.

ಹಿರಿಯರ ಮಾತು ಎಷ್ಟು ನಿಜ? ಬೆಂಕಿ ಅಪರಾಧವಾದದ್ದು ಯಾವಾಗ? ಇವೆರಡಕ್ಕೂ ಉತ್ತರ ಹುಡುಕುತ್ತ ಹೋದ ನಾವು ಕೊನೆಗೆ ತಲುಪಿದ್ದು ರಾಜ್ಯದ ಇನ್ನೊಂದು ತುದಿಗೆ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ.

ಬೀಜಕ್ಕೆ ಬೆಂಕಿ ಏನು ಮಾಡುತ್ತದೆ?

ಮೊದಲನೆಯದು ಬಿಸಿ. ಸುಬಾಬುಲ್ ಬೀಜವನ್ನು ನರ್ಸರಿಯವರು ಬಿಸಿ ನೀರಿಗೆ ಹಾಕಿ ಆಮೇಲೆ ಬಿತ್ತುವುದನ್ನು ನೀವು ನೋಡಿರಬಹುದು. ಅದರ ಸಿಪ್ಪೆ ಎಷ್ಟು ಗಟ್ಟಿ ಎಂದರೆ ನೀರು ಒಳಗೆ ಇಳಿಯುವುದೇ ಇಲ್ಲ. ಬಿಸಿ ತಾಗಿದರೆ ಸಿಪ್ಪೆ ಬಿರುಕು ಬಿಡುತ್ತದೆ. ಜಾಲಿಯ ಜಾತಿಯ ಅನೇಕ ಗಿಡಗಳದ್ದೂ ಇದೇ ಕಥೆ. ಕಾಡಿನಲ್ಲಿ ಈ ಕೆಲಸವನ್ನು ಬಿಸಿಲು ಮಾಡುತ್ತದೆ, ಕೆಲವೊಮ್ಮೆ ಸಣ್ಣ ಬೆಂಕಿಯೂ ಮಾಡುತ್ತದೆ. ನೆಲದ ಮೇಲೆ ಹುಲ್ಲು ಉರಿದು ಹೋದರೂ ಒಂದೆರಡು ಇಂಚು ಕೆಳಗಿನ ಮಣ್ಣು ಅಷ್ಟಾಗಿ ಕಾಯುವುದಿಲ್ಲ. ಅಲ್ಲಿರುವ ಬೀಜ ಬದುಕುತ್ತದೆ.

ಎರಡನೆಯದು ಹೊಗೆ. 1990ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಅಲ್ಲಿನ ಕುರುಚಲು ಬಯಲಿನ ಒಂದು ಗಿಡದ ಬೀಜಕ್ಕೆ ಹೊಗೆ ಹಿಡಿದು ನೋಡಿದರು. ಬೆಂಕಿ ಇಲ್ಲದೆ, ಬರೀ ಹೊಗೆಗೇ ಬೀಜ ಮೊಳೆಯಿತು. 2004ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಹೊಗೆಯೊಳಗಿನ ಆ ರಾಸಾಯನಿಕವನ್ನು ಬೇರ್ಪಡಿಸಿದರು. ಈ ಬಗೆಯ ರಾಸಾಯನಿಕಗಳಿಗೆ ಈಗ ಕರ್ರಿಕಿನ್ ಎನ್ನುತ್ತಾರೆ. 'ಕರ್ರಿಕ್' ಎಂದರೆ ಅಲ್ಲಿನ ಮೂಲನಿವಾಸಿ ನೂಂಗಾರ್ ಜನರ ಮಾತಿನಲ್ಲಿ ಹೊಗೆ. ಕಣ್ಣಿಗೆ ಕಾಣದಷ್ಟು ಕಡಿಮೆ ಪ್ರಮಾಣವೂ ಸಾಕು. ಮಳೆ ಬಂದಾಗ ಅದು ನೀರಿನ ಜೊತೆ ಮಣ್ಣಿಗಿಳಿದು, ಮೇಲಿನ ಕಸ ಸುಟ್ಟು ಹೋಗಿದೆ ಎಂದು ಬೀಜಕ್ಕೆ ಸುದ್ದಿ ಮುಟ್ಟಿಸುತ್ತದೆ.

ನಮ್ಮ ಮನೆಗಳಲ್ಲಿ ಬೀಜದ ತೆನೆಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದದ್ದು ಬೇರೆ ಮಾತು. ಅದು ಹುಳ ಬೀಳದಿರಲಿ ಎಂದು.

ಮೂರನೆಯದು ಬೆಳಕು. ಒಣ ಹುಲ್ಲಿನ ಹೊದಿಕೆ ಹೋದರೆ ಮೊಳಕೆಗೆ ಬಿಸಿಲು ಸಿಗುತ್ತದೆ, ಬೂದಿಯಿಂದ ಸ್ವಲ್ಪ ಗೊಬ್ಬರವೂ ಸಿಗುತ್ತದೆ. ನಮ್ಮ ಹಿರಿಯರು ಕಂಡ ಹಸಿರು ಹುಲ್ಲು ಹೆಚ್ಚಾಗಿ ಇದರಿಂದಲೇ. ಹುಲ್ಲಿನ ಬೇರು ಸಾಯದೆ ಅದೇ ಮತ್ತೆ ಚಿಗುರುತ್ತದೆ.

ಬೆಂಕಿ ಅಪರಾಧವಾದದ್ದು

ಬ್ರಿಟಿಷರಿಗೆ ಹಡಗು ಕಟ್ಟಲು, ರೈಲು ಹಳಿಗೆ ಮರ ಬೇಕಿತ್ತು. ಮಲೆನಾಡಿನಲ್ಲಿ ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯ ಅವರ ಕಣ್ಣಿಗೆ ಬರೀ ನಷ್ಟವಾಗಿ ಕಂಡಿತು. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಬಂದವು, ನಂತರ 1927ರದ್ದು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಶಿಕ್ಷಾರ್ಹವಾಯಿತು. ಕರ್ನಾಟಕದ 1963ರ ಕಾಯ್ದೆಯೂ ಅದೇ ದಾರಿ ಹಿಡಿಯಿತು.

ಆದರೆ ಬ್ರಿಟಿಷ್ ಅಧಿಕಾರಿಗಳಲ್ಲೇ ಕೆಲವರಿಗೆ ಅನುಮಾನ ಬಂದಿತ್ತು. ಬರ್ಮಾದಲ್ಲಿ ಬೆಂಕಿ ತಡೆದ ಕಾಡಿನಲ್ಲಿ ಸಾಗವಾನಿ ಸಸಿಗಳೇ ಏಳುತ್ತಿರಲಿಲ್ಲ. ಬೇರೆ ಗಿಡ, ಬಿದಿರು ದಟ್ಟವಾಗಿ ಬೆಳೆದು ನೆರಳು ಕವಿದಿತ್ತು. ಬೆಂಕಿ ತಡೆಯುವುದು ಅತಿಯಾಯಿತು ಎಂದು 1896ರಲ್ಲಿ ಸ್ಲೇಡ್ ಎಂಬ ಅರಣ್ಯ ಅಧಿಕಾರಿ ಬರೆದರು. ಮುಂದೆ ಅಲ್ಲಿನ ಕೆಲವು ಕಾಡುಗಳಲ್ಲಿ ಈ ತಡೆಯನ್ನು ಸಡಿಲಿಸಿದರು. ಕಾನೂನಿನ ಪುಸ್ತಕದಲ್ಲಿ ಮಾತ್ರ ಬೆಂಕಿ ಅಪರಾಧವಾಗಿಯೇ ಉಳಿಯಿತು.

ಬಿಳಿಗಿರಿಯ ತರಗು ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗೆ ಹಚ್ಚುತ್ತಿದ್ದ ಬೆಂಕಿಗೆ 'ತರಗು ಬೆಂಕಿ' ಎನ್ನುತ್ತಾರೆ. ಅದಕ್ಕೆ ಕಾಲ ಗೊತ್ತಿತ್ತು: ಚಳಿ ಇಳಿಯುವ ಮೊದಲು, ಜನವರಿ-ಫೆಬ್ರವರಿ ಹೊತ್ತಿಗೆ. ಆಗ ಹುಲ್ಲು ಪೂರ್ತಿ ಒಣಗಿರುವುದಿಲ್ಲ, ಬೆಂಕಿ ಮೊಣಕಾಲೆತ್ತರ ಮೀರದೆ ನೆಲದ ಮೇಲೆ ಹರಿದು ಆರುತ್ತದೆ.

1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಜಾಗ ಬದಲಿಸುವ ಬೇಸಾಯ, ಬೇಟೆ, ಬೆಂಕಿ ಮೂರೂ ನಿಂತವು. ಆಮೇಲೆ ಏನಾಯಿತು ಎಂಬುದಕ್ಕೆ ಸೋಲಿಗರು ಎರಡು ಗಿಡ ತೋರಿಸುತ್ತಾರೆ.

ಒಂದು ಲಾಂಟಾನಾ. ಬೇಲಿಯಲ್ಲಿ ಬಣ್ಣಬಣ್ಣದ ಗೊಂಚಲು ಹೂ ಬಿಡುವ ಈ ಗಿಡವನ್ನು ಬ್ರಿಟಿಷರು ಅಂದಕ್ಕೆಂದು ತಂದಿದ್ದರು. ಎಳೆ ಲಾಂಟಾನಾ ಸಸಿ ವರ್ಷವರ್ಷದ ಸಣ್ಣ ಬೆಂಕಿಗೆ ಸಾಯುತ್ತಿತ್ತು ಎನ್ನುತ್ತಾರೆ ಸೋಲಿಗರು. 1997ರಿಂದ 2008ರ ನಡುವೆ ಅದು ಅಲ್ಲಿ ಸುಮಾರು ಎರಡು ಪಟ್ಟು ಜಾಗಕ್ಕೆ ಹರಡಿದ್ದನ್ನು ಸಂಶೋಧಕರು ಅಳೆದಿದ್ದಾರೆ.

ಇನ್ನೊಂದು ಬಂದಳಿಕೆ, ಸೋಲಿಗರ ಮಾತಿನಲ್ಲಿ ಉಪ್ಪಿಲು. ಇದು ನೆಲ್ಲಿ ಮರದ ಕೊಂಬೆಗೆ ಅಂಟಿ ಅದರ ರಸ ಹೀರುತ್ತದೆ. ಕೆಳಗಿನ ಬೆಂಕಿಯ ಝಳ, ಹೊಗೆ ಇದನ್ನು ಹದ್ದಿನಲ್ಲಿ ಇಡುತ್ತಿತ್ತು ಎಂಬುದು ಅವರ ಅನುಭವ. ನೆಲ್ಲಿಕಾಯಿ ಮಾರಿ ಬದುಕುವವರಿಗೆ ನೆಲ್ಲಿ ಮರ ಸಾಯುವುದೆಂದರೆ ಸಂತೆಯ ದುಡ್ಡು ಹೋದಂತೆ. ನೆಲ್ಲಿಯ ಗಟ್ಟಿ ಓಟೆ ಬಿಸಿಲಿಗೆ ಒಣಗಿ ಒಡೆದರೆ ಬೀಜ ಹೊರಬರುತ್ತದೆ. ಲಾಂಟಾನಾ ಕವಿದ ನೆಲದಲ್ಲಿ ಬಿಸಿಲೇ ಬೀಳದಿದ್ದರೆ ಹೊಸ ಸಸಿ ಏಳುವುದು ಕಷ್ಟ.

ಮತ್ತೆ ಹಚ್ಚಿದರೆ ಸರಿಹೋಗುತ್ತದೆಯೇ?

ಅಷ್ಟು ಸುಲಭವಿಲ್ಲ. ಈಗ ಲಾಂಟಾನಾ ಆಳೆತ್ತರ ಬೆಳೆದು ಒಣಗಿ ನಿಂತಿದೆ. ಕಿಡಿ ಬಿದ್ದರೆ ಬೆಂಕಿ ಅದನ್ನು ಏಣಿ ಮಾಡಿಕೊಂಡು ಮರದ ತಲೆಗೆ ಏರುತ್ತದೆ. ಅದರ ಬುಡ ಮಾತ್ರ ಸಾಯದೆ ಮಳೆಗೆ ಮತ್ತೆ ಚಿಗುರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಮೊದಲು ಲಾಂಟಾನಾ ಕಿತ್ತು, ಆಮೇಲೆ ಕಾಲ ನೋಡಿ ಸಣ್ಣ ಬೆಂಕಿ ಹಚ್ಚಬೇಕು. ಅದಕ್ಕೆ ಗೊತ್ತಿರುವವರ ಕೈ ಬೇಕು.

2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಬೆಂಕಿ ನಿಂತು 50 ವರ್ಷ ದಾಟಿದೆ. ತಾವೇ ತರಗಿಗೆ ಬೆಂಕಿ ಇಟ್ಟು, ಗಾಳಿ ನೋಡಿ, ಆರಿಸಿ ಬಂದವರಿಗೆ ಈಗ ಕಡಿಮೆ ಎಂದರೂ 65-70 ವಯಸ್ಸು. ಅವರ ಮೊಮ್ಮಕ್ಕಳು ಆ ಬೆಂಕಿಯನ್ನು ಕಂಡೇ ಇಲ್ಲ.

ನಮ್ಮ ಬದುವಿನ ಮಾತು

ಇದನ್ನು ಓದಿ ಯಾರೂ ಕಡ್ಡಿ ಗೀರಬೇಡಿ. ನಾವು ಬದು ಸುಡುವುದು ಮಾರ್ಚ್-ಏಪ್ರಿಲ್‌ನಲ್ಲಿ, ಎಲ್ಲ ಒಣಗಿ ಗಾಳಿ ಬೀಸುವ ಹೊತ್ತಿಗೆ. ಆ ಬೆಂಕಿ ಪಕ್ಕದವರ ಬಣವೆಗೆ ಹಾರುತ್ತದೆ, ಬದುವಿನಲ್ಲಿ ಮೊಟ್ಟೆ ಇಟ್ಟ ಬುರ್ಲಿ ಹಕ್ಕಿಯ ಗೂಡನ್ನೂ ಸುಡುತ್ತದೆ. ಸೋಲಿಗರು ಹಚ್ಚುತ್ತಿದ್ದ ಕಾಲವೂ ಇದಲ್ಲ, ರೀತಿಯೂ ಇದಲ್ಲ.

ಆದರೆ ನಮ್ಮ ಕಡೆಯೂ ಹಿಂದೆ ಹುಲ್ಲುಗಾವಲಿಗೆ ಯಾವ ತಿಂಗಳು ಬೆಂಕಿ ಇಡುತ್ತಿದ್ದರು, ಯಾವುದನ್ನು ಸುಡುತ್ತಿರಲಿಲ್ಲ, ಸುಟ್ಟ ಮೇಲೆ ಮೊದಲು ಯಾವ ಹುಲ್ಲು ಬರುತ್ತಿತ್ತು? ಮನೆಯಲ್ಲಿ ದನ ಕಾಯ್ದ ಅಜ್ಜ ಇದ್ದರೆ ಈ ಬೇಸಿಗೆಯಲ್ಲೇ ಕೇಳಿ, ಬರೆದಿಡಿ. ಬಿಳಿಗಿರಿಯಲ್ಲಿ ಕೇಳುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.